ಮೈನರ್ ಚೀನಾ

ನಮ್ಮ ಕುಬಿಹಾಳದ ಕಟ್ಟೆಯ ಮೇಲೆ ‘ಮೈನರ್’ ಎಂಬ ಮಾತಿಗೆ ಎರಡೇ ಅರ್ಥ. ಹದಿನೆಂಟು ತುಂಬದ ಹುಡುಗಿ ಒಂದು. ಮದುವೆ ಮಾಡಿದರೆ ಪೊಲೀಸರು ಬರುತ್ತಾರೆ. ನವಲಗುಂದದ ಬೀಗರ ಹೊಲದ ಕಡೆ ಹೋಗುವ ಮಲಪ್ರಭಾ ಕಾಲುವೆಯ ಮರಿ ಇನ್ನೊಂದು. ಅಲ್ಲಿ ನೀರು ಬರುತ್ತದೆ ಎನ್ನುವುದೇ ಒಂದು ಸುದ್ದಿ. ಹೀಗಿರುವಾಗ ಬೆಂಗಳೂರಿಗೆ ಓದಲು ಹೋದ ನಮ್ಮ ಮನೆಯ ಹುಡುಗ ದೀಪಾವಳಿಗೆ ಬಂದು ‘ಮೇಜರ್ ಕಾಮರ್ಸ್, ಮೈನರ್ ಚೈನೀಸ್’ ಎಂದ. ದೊಡ್ಡಪ್ಪ ಎಲೆಯಡಿಕೆ ಜಗಿಯುವುದನ್ನು ನಿಲ್ಲಿಸಿ, ‘ಚೀನಾದಾಕೀನೇನೋ? ಮ್ಯಾಲ ಮೈನರ್ ಬ್ಯಾರೆ!’ ಎಂದು ಎದ್ದೇ ನಿಂತ.

ಮೈನರ್ ಎಂದರೆ ಕಾಲೇಜಿನಲ್ಲಿ ಮುಖ್ಯ ವಿಷಯದ ಜೊತೆಗೆ ಕಲಿಯುವ ಉಪವಿಷಯವಂತೆ. ಅಂಥ ಮೈನರ್ ಪಂಡಿತರು ನಮಗೆ ಹೊಸಬರಲ್ಲ. ಅಂಚೆಯಲ್ಲಿ ಹೋಮಿಯೋಪಥಿ ಕಲಿತವರು, ಎಂಟು ದಿನದ ಶಿಬಿರ ಮುಗಿಸಿ ಬಂದು ಊರಿನ ಸೊಂಟಗಳನ್ನೆಲ್ಲ ತಿರುವಿದ ಯೋಗಗುರುಗಳು, ಎಲ್ಲರನ್ನೂ ಕಂಡಿದ್ದೇವೆ. ನಾಳೆ ರೊಟ್ಟಿ ಕೊಡಬೇಕಾದ ವಿದ್ಯೆಯ ಸುದ್ದಿಯನ್ನು ಇವರು ಅಪ್ಪಿತಪ್ಪಿಯೂ ಎತ್ತುವುದಿಲ್ಲ. ನಮ್ಮವನೂ ಜಿಎಸ್‌ಟಿ ಎಂದರೆ ಮೊಬೈಲು ನೋಡುತ್ತಾನೆ, ಚೀನಾ ಎಂದರೆ ಚಕ್ಕಳಮಕ್ಕಳ ಹಾಕಿ ಕೂರುತ್ತಾನೆ. ಕ್ಲಾಸು ವಾರಕ್ಕೆ ಮೂರು ತಾಸು. ಉಳಿದ 165 ತಾಸು ನಮ್ಮ ಪಾಲಿಗೆ.

ಬಂದ ದಿನವೇ, ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದ ಅಜ್ಜಿಯ ಮುಂದೆ ಬಗ್ಗಿ ‘ನೀ ಹಾವ್’ ಎಂದ. ಚೀನಿಯಲ್ಲೂ ನೀ ಎಂದರೆ ನೀನೇ, ಹಾವ್ ಎಂದರೆ ಒಳ್ಳೆಯದು, ಕೂಡಿದರೆ ನಮಸ್ಕಾರ. ಇಷ್ಟು ಬಿಡಿಸಿ ಹೇಳುವಷ್ಟರಲ್ಲಿ ಮೊರ ಅವನ ಬೆನ್ನು ಮುಟ್ಟಿತ್ತು. ‘ಎಂಬತ್ತ ವರ್ಷದಾಗ ಯಾವ ಸೊಸೀನೂ ನನಗ ಹಾವು ಅಂದಿಲ್ಲ!’ (ಮನಸ್ಸಿನಲ್ಲಿ ಅಂದವರ ಲೆಕ್ಕ ಬೇರೆ.)

ಸ್ವರದ ಪಾಠ ಕಟ್ಟೆಯ ಮೇಲೆ ನಡೆಯಿತು. ‘ಮಾ’ ಎಂಬುದನ್ನು ಎತ್ತರದಲ್ಲಿ ಸಮವಾಗಿ ಎಳೆದರೆ ಅವ್ವ, ಏರಿಸಿದರೆ ನಾರು, ಇಳಿಸಿ ಎತ್ತಿದರೆ ಕುದುರೆ, ಧಡಕ್ಕನೆ ಇಳಿಸಿದರೆ ಬೈಗುಳ. ಸವಾಯಿ ಗಂಧರ್ವರ ತಾಲ್ಲೂಕಿನವರಿಗೆ ಸ್ವರ ಕಲಿಸುವ ಧೈರ್ಯ ನೋಡಿ! ಇದರಿಂದೇನು ಲಾಭ ಎಂದದ್ದಕ್ಕೆ, ಭಾರತದ ಒಣಮೆಣಸಿನಕಾಯಿ ಕೊಳ್ಳುವವರಲ್ಲಿ ಚೀನಾ ಮುಂದಿನ ಸಾಲಿನಲ್ಲಿದೆ, ನಾಳೆ ನಮ್ಮ ಕಾಯಿಯನ್ನು ತಾನೇ ಅಲ್ಲಿಗೆ ಮಾರುತ್ತೇನೆ, ದಲಾಲಿ ಉಳಿಯುತ್ತದೆ ಎಂದ. ಕೊಳ್ಳುವುದಕ್ಕೆ ಏನಂತಾರೆ ಎಂದು ಯಾರೋ ಕೇಳಿದರು. ‘ಮಾಯ್.’ ಮಾರುವುದಕ್ಕೆ? ‘ಅದೂ ಮಾಯ್, ಸ್ವರ ಅಷ್ಟ ಬ್ಯಾರೆ.’ ಮೂರು ವರ್ಷ ಸಾಲದಲ್ಲಿ ಮೆಣಸಿನಕಾಯಿ ಬೆಳೆದ ಕಾಕಾ ತಲೆದೂಗಿದ: ‘ಖರೇ ಭಾಷಾ ಐತಿ ನೋಡ್ರಿ. ಕೊಂಡಾಂವ ಮಾಯ, ಮಾರಿದಾಂವನ ರೊಕ್ಕಾನೂ ಮಾಯ.’

ನಿವೃತ್ತ ಮಾಸ್ತರರ ಜೊತೆ ಮಾತ್ರ ಒಬ್ಬ ಚೀನೀ ಯಾತ್ರಿಕನ ಹೆಸರಿನ ಮೇಲೆ ಜಗಳವೇ ಆಯಿತು. ಪುಲಕೇಶಿಯ ಸೈನಿಕರು ಕುಡಿದು, ಆನೆಗಳಿಗೂ ಕುಡಿಸಿ ಯುದ್ಧಕ್ಕೆ ನುಗ್ಗುತ್ತಿದ್ದರೆಂದು ಬರೆದಿಟ್ಟ ಯಾತ್ರಿಕ, 645ರಲ್ಲಿ ತಾಯ್ನಾಡು ಸೇರಿದವ, ನಾವೆಲ್ಲ ಐದು ಅಂಕಕ್ಕೆ ಬಾಯಿಪಾಠ ಮಾಡಿದ ಹ್ಯುಯೆನ್‌ತ್ಸಾಂಗ್. ಹುಡುಗ ತಿದ್ದಿದ: ‘ಹಂಗಲ್ರೀ ಸರ್, ಶ್ವಾನ್ ಝಾಂಗ್.’ ಮಾಸ್ತರರ ಕನ್ನಡಕ ಮೂಗಿನ ತುದಿಗೆ ಬಂತು. ‘ಮೂವತ್ತೆಂಟ ವರ್ಷ ಕಲಿಸೇನಿ. ಅಂಥಾ ಸಾಧುಗ ಶ್ವಾನ ಅಂತೀ? ನಿನ್ನ ಹಾಜರಿ ಹಾಕಿದ್ದ ತಪ್ಪಾತು.’

ಹಾಗೆಂದು ಅವನಿಂದ ಏನೂ ದಕ್ಕಲಿಲ್ಲ ಎನ್ನಲಾರೆ. ಎದುರಾದವರನ್ನು ‘ಛಿ ಲ ಮಾ’, ಅಂದರೆ ಉಂಡೆಯಾ, ಎಂದು ಮಾತಾಡಿಸುವುದು ಅಲ್ಲಿನ ಹಳೆಯ ರೂಢಿ ಎಂದ. ನಾಲಿಗೆ ಮಡಚಿ ಆಡಿದ ಆ ‘ಛಿ’ಗೆ ಅಜ್ಜಿ ಮತ್ತೆ ಮೊರ ಹುಡುಕಿದಳು, ಅರ್ಥ ಕೇಳಿದ ಮೇಲೆ ಕೂತಳು. ‘ಊಟ ಆತೇನ ಅಂತ ಕೇಳಾಕ ಲಕ್ಷ ರೂಪಾಯಿ ಫೀ ಕಟ್ಟೀಯಾ? ಚಹಾಕ್ಕ ಏನಂತಾರ?’ ‘ಛಾ.’ ‘ಅದೂ ನಮ್ಮದ!’ ಅದು ಅವರದೇ, ನಮಗೆ ಬಂದದ್ದು ಅಲ್ಲಿಂದ ಎಂದು ಹುಡುಗ ಬಾಯಿ ತೆರೆದ. ಅಷ್ಟರಲ್ಲಿ ಕಪ್ಪು ಬಸಿ ಕೈಗೆ ಬಂದವು, ಬಾಯಿ ಅದಕ್ಕೇ ಬಳಕೆಯಾಯಿತು.

ಹೊರಡುವ ಮುನ್ನಾದಿನ ವಿದ್ಯೆಯ ಪರೀಕ್ಷೆ. ಮೆಣಸಿನ ಗಿಡಕ್ಕೆ ಮುಟುರು ರೋಗ ಬಿದ್ದು ಕಾಕಾ ಔಷಧ ಹೊಡೆಯುವ ಹೊಸ ಬ್ಯಾಟರಿ ಪಂಪು ತಂದಿದ್ದ. ಮೈಮೇಲೆಲ್ಲ ಚೀನಿ ಅಕ್ಷರ. ಬದುವಿನ ಮೇಲೆ ಹತ್ತು ಜನ. ಹುಡುಗ ಪಂಪನ್ನು ಹೊರಳಿಸಿದ, ಉಗುರಿನಿಂದ ಮಣ್ಣು ಕೆರೆದ, ಬೆವತ. ಯಾರದೋ ಮಗ ಫೋನಿನ ಕ್ಯಾಮೆರಾ ಹಿಡಿದು ಅರ್ಧ ಓದಿಯೂ ಮುಗಿಸಿದ್ದ. ಆಗ ಸ್ವಿಚ್ಚಿನ ಪಕ್ಕ, ಬಾಗಿಲ ಚೌಕಟ್ಟಿನಂಥ ಅಕ್ಷರವೊಂದು ನಮ್ಮವನ ಗುರುತಿಗೆ ಸಿಕ್ಕಿತು. ತೆರೆ, ಚಾಲೂ ಮಾಡು ಎಂಬರ್ಥದ ಅಕ್ಷರ. ಹಿಗ್ಗಿನಿಂದ ಕೂಗಿದ: ‘ಖಾಯ್! ಕಾಕಾ, ಖಾಯ್!’

ಕಾಕಾ ಪಂಪು ಬೆನ್ನಿಗೇರಿಸಿಕೊಂಡು, ಸ್ವಿಚ್ಚಿನ ಮೇಲೆ ಬೆರಳಿಟ್ಟು ನಿಂತ. ಬಿಸಿಲು ಏರಿತು. ಕೊನೆಗೆ ಕೇಳಿದ: ‘ಎಷ್ಟೊತ್ತ ಕಾಯ್ಲೋ ತಮ್ಮಾ?’