ಹೆಡರಿಗೆ ಹಿಡಿಸದ ಜಲಪಾತ

ಗೋಕಾಕ ತಾಲ್ಲೂಕಿನ ಮಮದಾಪುರದ ಹುಡುಗನೊಬ್ಬ ಕರದಂಟಿನ ವ್ಯಾಪಾರಕ್ಕೆ ವೆಬ್‌ಸೈಟ್ ಮಾಡಲು ಕೂತ ಎಂದಿಟ್ಟುಕೊಳ್ಳಿ. ನೆತ್ತಿಯ ಮೇಲೆ ಯಾವ ಚಿತ್ರ? ಗೋಕಾಕ ಫಾಲ್ಸ್ ಬಿಟ್ಟು ಬೇರೆ ಮಾತೇ ಇಲ್ಲ!

ಪೇಚು ಶುರುವಾಗುವುದು ಅಲ್ಲಿಂದಲೇ. ಘಟಪ್ರಭೆ ಧುಮುಕುವುದು ಸುಮಾರು 52 ಮೀಟರ್. ಪುಟದ ನೆತ್ತಿಯ ಹೆಡರ್ ಪಟ್ಟಿಗೋ ಅಗಲದಲ್ಲಿ ಧಾರಾಳ, ಎತ್ತರದಲ್ಲಿ ಜಿಪುಣತನ. ವರ್ಡ್‌ಪ್ರೆಸ್‌ನ ‘ಟ್ವೆಂಟಿ ಟೆನ್’ ವಿನ್ಯಾಸದಲ್ಲಿ ಅದು 940 ಪಿಕ್ಸೆಲ್ ಅಗಲ, ಎತ್ತರ ಬರೀ 198. ಮೊಬೈಲಿನಲ್ಲಿ ನಿಲುವಾಗಿ ತೆಗೆದ ಫೋಟೊವನ್ನು ಅದರೊಳಗೆ ತುರುಕಿದರೆ ಮೇಲಿನ ಬಂಡೆಯೂ ಹೋಯಿತು, ಕೆಳಗಿನ ನೊರೆಯೂ ಹೋಯಿತು. ಉಳಿದದ್ದು ಮಳೆಗಾಲದ ಕೆಂಪು ನೀರಿನ ಒಂದು ತುಂಡು. ನೋಡಿದವರು ಚಹಾದಂಗಡಿ ಅಂದುಕೊಂಡಾರು.

ಪಕ್ಕದ ತೂಗುಸೇತುವೆ ಮಾತ್ರ ಹೆಡರಿಗೆಂದೇ ಕಟ್ಟಿದಂತಿದೆ: ಉದ್ದ ಸುಮಾರು 200 ಮೀಟರ್, ನದಿಪಾತ್ರದಿಂದ 14 ಮೀಟರ್ ಮೇಲೆ.

ಆಮೇಲೆ ತೂಕದ ಪಂಚಾಯಿತಿ. 4000×3000 ಪಿಕ್ಸೆಲ್‌ನ ಮೂಲ ಫೋಟೊ ಹಲವು ಎಂಬಿ ತೂಗುತ್ತದೆ. ಸಿಗ್ನಲ್ ಒಂದೇ ಕಡ್ಡಿ ಇರುವಲ್ಲಿ ಗಿರಾಕಿ ಕಾಯುತ್ತಾ ಕೂರಬೇಕು. 1920 ಪಿಕ್ಸೆಲ್ ಅಗಲಕ್ಕೆ ಇಳಿಸಿ, ವೆಬ್‌ಪಿ ಎಂಬ ಹಗುರ ಫೈಲ್ ಮಾದರಿಗೆ ಬದಲಿಸಿದರೆ ಕೆಲವೇ ನೂರು ಕೆಬಿ. ಫೋನಿಗೆಂದೇ ಇನ್ನೊಂದು ನಿಲುವು ಚಿತ್ರ ಕೊಟ್ಟರೆ ಜಲಪಾತಕ್ಕೂ ಜಾಗ ಸಿಕ್ಕೀತು.

ಅಷ್ಟರಲ್ಲಿ ಮನೆಯ ಹಿರಿಯರು ಹಣಕಿ ಹಾಕುತ್ತಾರೆ: “ಅಜ್ಜನ ಫೋಟೊ ಎಲ್ಲೈತೋ? ರುಮಾಲ ಪೂರಾ ಕಾಣಬೇಕ ನೋಡ!”