ನೊಂದವರ ಆಗಮನಾಭಿಲಾಷಿಗಳು

ನಮ್ಮ ಬಳಗದಲ್ಲಿ ಯಾರಿಗೆ ನಾಲ್ಕು ಸಾಲು ಕನ್ನಡ ಬರೆಸಬೇಕಾದರೂ ನನ್ನ ಮನೆ ಬಾಗಿಲಿಗೇ ಬರುತ್ತಾರೆ. ಲಗ್ನಪತ್ರಿಕೆ, ಗೃಹಪ್ರವೇಶದ ಕರೆಯೋಲೆ, ವೈಕುಂಠ ಸಮಾರಾಧನೆಯ ಕಾರ್ಡು, ನಿವೃತ್ತರಾಗುವ ಹೆಡ್‌ಮಾಸ್ತರರಿಗೆ ಬಿನ್ನವತ್ತಳೆ, ಎಲ್ಲಕ್ಕೂ ನನ್ನದೇ ಕೈ. ವಾರ್ಡ್ ಚುನಾವಣೆಗೆ ನಿಂತಿದ್ದ ಷಡ್ಡಕನ ಕರಪತ್ರ ಬರೆದವನೂ ನಾನೇ. ಅವನು ಠೇವಣಿ ಕಳೆದುಕೊಂಡದ್ದಕ್ಕೂ ಆ ಕರಪತ್ರಕ್ಕೂ ಸಂಬಂಧವಿಲ್ಲವೆಂದು ಅವನೊಬ್ಬನನ್ನು ಬಿಟ್ಟು ಉಳಿದವರೆಲ್ಲ ಒಪ್ಪಿದ್ದಾರೆ.

ಹೀಗಿರುವಾಗ ತಂಗಿಯ ಮಗಳು ಮೈಸೂರಿನ ಕುವೆಂಪುನಗರದಲ್ಲಿ ಕೌನ್ಸೆಲಿಂಗ್ ಕೋಣೆಯೊಂದನ್ನು ತೆರೆದಳು. "ಮಾವ, ವೆಬ್‌ಸೈಟಿನ ಇಂಗ್ಲಿಷು ನಾನೇ ಬರ್ಕೊಂಡಿದೀನಿ. ಕನ್ನಡ ನೀವು ಬರೆದುಕೊಡಿ. ಸಿಂಪಲ್ಲಾಗಿರಲಿ" ಎಂದಳು. ಕೊನೆಯ ಮಾತು ಕಿವಿಗೆ ಬಿತ್ತು, ಕೈಗೆ ಇಳಿಯಲಿಲ್ಲ.

ಅಂದು ರಾತ್ರಿಯೇ ಬರೆದು ಕಳಿಸಿದೆ. "ಶ್ರೀ ಚಾಮುಂಡೇಶ್ವರೀ ಪ್ರಸನ್ನ. ಆಧುನಿಕ ಬದುಕಿನ ಜಂಜಾಟದಲ್ಲಿ ನಲುಗಿ ಬಸವಳಿದ ಬಂಧುಗಳಲ್ಲಿ ವಿಜ್ಞಾಪನೆಗಳು. ತಾವು ಸಕುಟುಂಬ ಸಪರಿವಾರ ಸಮೇತರಾಗಿ ಆಗಮಿಸಿ, ತಮ್ಮ ಮನೋವ್ಯಥೆಯನ್ನು ನಿವೇದಿಸಿಕೊಂಡು, ಸಮಾಧಾನವನ್ನು ಸ್ವೀಕರಿಸಬೇಕಾಗಿ ವಿನಂತಿ. ಉಡುಗೊರೆಗಳನ್ನು ತರಬೇಡಿ, ತಮ್ಮ ಕಣ್ಣೀರೇ ನಮಗೆ ಉಡುಗೊರೆ. ಇಂತಿ, ನೊಂದವರ ಆಗಮನಾಭಿಲಾಷಿಗಳು."

ಬೆಳಿಗ್ಗೆ ಫೋನ್ ಬಂತು. "ಮಾವ, ಅರ್ಧಕ್ಕರ್ಧ ಜನ ನನ್ನ ಹತ್ರ ಬರೋದೇ ಆ ಸಕುಟುಂಬ ಸಪರಿವಾರದ ಕಾಟಕ್ಕೆ."

ಅವಳ ಹೆಸರಿನ ಹಿಂದೆ ನಾನು ಹಾಕಿದ್ದ "ಡಾ." ಮತ್ತು "ಖ್ಯಾತ ಮನೋವೈದ್ಯೆ" ಎರಡನ್ನೂ ಹೊಡೆದುಹಾಕಿದ್ದಳು. ಎಂಬಿಬಿಎಸ್ ಮುಗಿಸಿ, ಮೇಲೆ ಮನೋವೈದ್ಯಶಾಸ್ತ್ರ ಓದಿ ಮಾತ್ರೆ ಬರೆಯುವವರು ಮನೋವೈದ್ಯರಂತೆ. ಕ್ಲಿನಿಕಲ್ ಸೈಕಾಲಜಿಸ್ಟ್ ಎನ್ನಿಸಿಕೊಳ್ಳಬೇಕಾದರೆ 1992ರ ಕಾಯ್ದೆಯ ಪ್ರಕಾರ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿರಬೇಕಂತೆ. "ನಾನು ಎಂ.ಎಸ್ಸಿ. ಮಾಡಿರೋ ಕೌನ್ಸೆಲರ್. ಹಾಗಂತಲೇ ಹಾಕಿ." ನನ್ನ ಕಾರ್ಡುಗಳಲ್ಲಿ ಡಿಪ್ಲೊಮಾ ಮಾಡಿದ ವರನೂ ಎಂಜಿನಿಯರನಾಗುವುದು ವಾಡಿಕೆ. ಇಷ್ಟು ಬಡಕಲು ಪರಿಚಯ ಬರೆಯಲು ಮನಸ್ಸಾಗದೆ, "ಲೈಫ್ ಕೋಚ್ ಅಂತಾದರೂ ಹಾಕೋಣ" ಎಂದೆ. ಅದಕ್ಕೆ ನಮ್ಮ ದೇಶದಲ್ಲಿ ಯಾವ ಲೈಸೆನ್ಸೂ ಬೇಡ, ಯಾರು ಬೇಕಾದರೂ ಬೋರ್ಡು ಹಾಕಬಹುದು ಎಂದಳು. ಆ ಸಂಜೆಯೆಲ್ಲ ನಾನೇ ಒಂದು ಬೋರ್ಡು ಬರೆಸುವ ಯೋಚನೆಯಲ್ಲಿದ್ದೆ. ಹೆಂಡತಿ "ಮೊದಲು ನಿಮ್ಮ ಲೈಫು" ಎಂದು ಕಾಫಿ ಲೋಟ ಕುಕ್ಕಿ ಹೋದಳು.

ಅಷ್ಟರಲ್ಲಿ ಜಾಹೀರಾತು ಕಂಪನಿಯಲ್ಲಿರುವ ಗೆಳೆಯನ ಮಗ ಒಂದು ಸೂತ್ರ ಹೇಳಿಕೊಟ್ಟ. ಮೊದಲು ಗಿರಾಕಿಯ ನೋವನ್ನು ಮುಟ್ಟಬೇಕು. ಆಮೇಲೆ ಅಲ್ಲೇ ಒತ್ತಬೇಕು. ಚೆನ್ನಾಗಿ ನೋಯುತ್ತಿರುವಾಗ ಮುಲಾಮು ತೋರಿಸಬೇಕು. ತಲೆಹೊಟ್ಟಿನ ಶಾಂಪೂ ಮಾರುವುದಕ್ಕೆ ಇದು ಸರಿಯೇ ಇರಬಹುದು. ಮೊದಲೇ ನೊಂದು ಕೂತವನನ್ನು ಹೀಗೆ ಒತ್ತಬಹುದೇ ಎಂದು ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಕೂತು ಒತ್ತಿದೆ.

"ರಾತ್ರಿ ಮೂರು ಗಂಟೆಗೆ ಎಚ್ಚರವಾಗುತ್ತದೆಯೇ? ಜಗಳದಲ್ಲಿ ಆಡಬೇಕಿದ್ದ ಮಾತು ಮಾರನೆಯ ದಿನ ಸ್ನಾನ ಮಾಡುವಾಗ ಹೊಳೆಯುತ್ತದೆಯೇ? ಮಕ್ಕಳು ಫೋನ್ ಎತ್ತುವುದಿಲ್ಲವೇ? ಮನೆಯಲ್ಲಿ ನಿಮ್ಮ ಮಾತಿಗೆ ಕವಡೆ ಕಿಮ್ಮತ್ತಿಲ್ಲವೇ? ಹೀಗೇ ಬಿಟ್ಟರೆ ಇದು ಎಲ್ಲಿಗೆ ಹೋಗಿ ಮುಟ್ಟುತ್ತದೆ, ಬಲ್ಲಿರಾ? ಚಿಂತೆ ಬಿಡಿ! ಗಂಡ-ಹೆಂಡಿರ ವಿರಸ, ಅತ್ತೆ-ಸೊಸೆ ಕಲಹ, ಪ್ರೇಮ ವೈಫಲ್ಯ, ಪರೀಕ್ಷೆಯ ಭಯ, ವ್ಯಾಪಾರದಲ್ಲಿ ನಿರುತ್ಸಾಹ, ಏನೇ ಇರಲಿ, ಒಂದೇ ಭೇಟಿಯಲ್ಲಿ ನೂರಕ್ಕೆ ನೂರು ಪರಿಹಾರ. ಇಂದೇ ಕರೆಮಾಡಿ."

ಕರಡು ತಿದ್ದಲು ಕೂತಾಗ ಗಮನಿಸಿದೆ, ಪ್ರತಿಯೊಂದು ಪ್ರಶ್ನೆಗೂ ನನ್ನ ಉತ್ತರ ಹೌದು. ಎರಡನೆಯ ಸಲ ಓದುವ ಹೊತ್ತಿಗೆ ಎದೆ ಡವಡವ. ರಾತ್ರಿ ಮೂರಕ್ಕೆ ಸರಿಯಾಗಿ ಎಚ್ಚರವೂ ಆಯಿತು.

ಇದರ ಕೆಳಗೆ ಗುಣವಾದವರ ನಾಲ್ಕು ಮಾತಿರಲಿ ಎಂದು ಅದನ್ನೂ ನಾನೇ ಬರೆದೆ. "ಮೂರು ವಾರ ಹೋಗಿ ಬಂದೆ, ನಮ್ಮ ಅತ್ತೆಯೇ ಬದಲಾಗಿಬಿಟ್ಟರು. ಹಾಸನದ ಒಬ್ಬ ಗೃಹಿಣಿ." ಒಂದೇ ಭೇಟಿಯಲ್ಲಿ ಪರಿಹಾರವೆಂದು ಮೇಲೆ ಬರೆದಮೇಲೆ ಗೃಹಿಣಿ ಮೂರು ವಾರ ಏಕೆ ಅಲೆದಳೆಂದು ಆಗ ಹೊಳೆಯಲಿಲ್ಲ. ನನ್ನ ಸೋದರಸೊಸೆ ಯಾವುದೋ ತರಬೇತಿಗೆಂದು ಬೆಂಗಳೂರಿಗೆ ಹೋಗಿದ್ದಳು. ವೆಬ್‌ಸೈಟಿನ ಹುಡುಗ "ಫೈನಲ್ಲಾ ಅಂಕಲ್?" ಅಂದ. ಫೈನಲ್ ಎಂದೆ. "ನಂಬರ್ ಯಾವ್ದು ಹಾಕ್ಲಿ?" ಅಂದ. ಅವಳು ಕ್ಲಾಸಿನಲ್ಲಿರುತ್ತಾಳಲ್ಲ, ಸದ್ಯಕ್ಕೆ ನನ್ನದೇ ಇರಲಿ ಎಂದೆ.

ಮೊದಲ ಕರೆ ನಾನು ಉಪ್ಪಿಟ್ಟಿನ ಮುಂದೆ ಕೂತಿದ್ದಾಗ ಬಂತು. "ಸ್ವಾಮಿ, ಸ್ತ್ರೀ ವಶೀಕರಣಕ್ಕೆ ಎಷ್ಟಾಗುತ್ತೆ?" ನಾನು ತೊದಲುವಷ್ಟರಲ್ಲಿ, "ಫೋಟೋ ಸಾಕಾ, ಕೂದಲೂ ಬೇಕಾ?" ಎಂದ. ಫೋನಿಟ್ಟು ನನ್ನ ಬರಹವನ್ನೇ ತೆಗೆದು ನೋಡಿದೆ. ಬಸ್ ಸ್ಟ್ಯಾಂಡಿನ ಕಂಬಕ್ಕೆ ಅಂಟಿಸುತ್ತಾರಲ್ಲ, 24 ಗಂಟೆಯಲ್ಲಿ ಪರಿಹಾರ, ಫೋನಿನಲ್ಲೇ ಪರಿಹಾರ, ಎಲ್ಲೂ ಆಗದಿದ್ದರೆ ಇಲ್ಲಿ ಎನ್ನುವ ಪೋಸ್ಟರು, ಅದೇ. ಕೊಳ್ಳೇಗಾಲ ಅನ್ನುವ ಹೆಸರೊಂದು ಇರಲಿಲ್ಲ, ಅಷ್ಟೆ. ಇನ್ನೊಬ್ಬರು ನನ್ನ ಓರಗೆಯವರೇ, ನಿವೃತ್ತರು. ನನ್ನ ಪ್ರಶ್ನೆಗಳನ್ನು ಒಂದೊಂದಾಗಿ ಓದಿ "ಹೌದು ಸಾರ್, ಹೌದು" ಎನ್ನುತ್ತ ಹೋದರು. ನಾನೂ ಹೌದು ಎನ್ನುತ್ತ ಹೋದೆ. ಬಹಳ ಹೊತ್ತು ಮಾತಾಡಿ ಇಬ್ಬರಿಗೂ ಹಗುರಾಯಿತು. ಫೀಸು ಯಾರು ಯಾರಿಗೆ ಕೊಡಬೇಕೆಂಬುದು ಮಾತ್ರ ಇತ್ಯರ್ಥವಾಗಲಿಲ್ಲ.

ಸೊಸೆ ಊರಿಂದ ಬಂದವಳೇ ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದಳು. "ನೂರಕ್ಕೆ ನೂರು" ಎಂಬಲ್ಲಿ ಬೆರಳಿಟ್ಟು, 1954ರಲ್ಲೇ ಔಷಧಿ ಮತ್ತು ಮಾಂತ್ರಿಕ ಪರಿಹಾರಗಳ ಜಾಹೀರಾತಿಗೆ ಕಡಿವಾಣ ಹಾಕುವ ಕಾಯ್ದೆ ಬಂದಿದೆ ಎಂದಳು. ಗುಣಮಾಡುತ್ತೇವೆಂದು ಸಾರಬಾರದ ಕಾಯಿಲೆಗಳ ಪಟ್ಟಿಯೇ ಅದರಲ್ಲಿದೆ. ಮೂರ್ಛೆ, ಹಿಸ್ಟೀರಿಯಾ, ಹುಚ್ಚು, ನರದೌರ್ಬಲ್ಯ ಎಲ್ಲ ಅಲ್ಲಿವೆ. "ಕೌನ್ಸೆಲಿಂಗ್ ಔಷಧಿಯಲ್ಲ, ಮಂತ್ರವೂ ಅಲ್ಲ ಮಾವ. ಆದ್ರೆ ನೀವು ಬರೆದಿರೋದು ಓದಿದ್ರೆ ಮಂತ್ರವೇ ಅಂತ ಜಡ್ಜು ಒಪ್ಕೊಂಡ್ಬಿಡ್ತಾರೆ." ಹಾಸನದ ಗೃಹಿಣಿಗೂ ಅದೇ ಗತಿಯಾಯಿತು. ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘದ ನೀತಿಸಂಹಿತೆಯಲ್ಲಿ, ಥೆರಪಿಗೆ ಬರುತ್ತಿರುವವರಿಂದ ಪ್ರಶಂಸೆ ಕೇಳಿ ಪಡೆಯಕೂಡದು ಎಂದು ಬರೆದೇ ಇದೆಯಂತೆ. ಕಷ್ಟದಲ್ಲಿರುವವರು ಇಲ್ಲವೆನ್ನಲಾರರು ಎಂಬುದು ಕಾರಣ. ಹುಟ್ಟದೇ ಇರುವವರಿಂದ ಪಡೆಯಬಹುದೇ ಎಂದು ಕೇಳಬೇಕೆಂದಿದ್ದೆ, ಅವಳ ಮುಖ ನೋಡಿ ಸುಮ್ಮನಾದೆ.

ಪುಟದ ನೆತ್ತಿಯ ಮೇಲೆ 14416 ಎಂದು ದಪ್ಪಕ್ಷರದಲ್ಲಿ ಬರಲಿ ಎಂದಳು. ಟೆಲಿ-ಮಾನಸ್, 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರಿ ಸಹಾಯವಾಣಿ. ಹಗಲೂ ರಾತ್ರಿ, ಬಿಟ್ಟಿ, ಕನ್ನಡದಲ್ಲಿ. ಅದರ ಹಿಂದೆ ನಮ್ಮ ನಿಮ್ಹಾನ್ಸ್ ಇದೆ. ನನಗೆ ತಡೆಯಲಾಗಲಿಲ್ಲ. "ಅಂಗಡಿಗೆ ಬಂದವನಿಗೆ ಎದುರಂಗಡಿ ತೋರಿಸೋದಾ? ಅದೂ ಪುಕ್ಕಟೆ ಕೊಡೋ ಅಂಗಡಿ?"

"ರಾತ್ರಿ ಎರಡು ಗಂಟೆಗೆ ನಾನು ಫೋನ್ ಎತ್ತಲ್ಲ ಮಾವ. ಆ ಹೊತ್ತಲ್ಲಿ ಈ ಪುಟ ಓದೋರು ಇರ್ತಾರೆ."

ಇದಕ್ಕೆ ನನ್ನ ಹತ್ತಿರ ಪ್ರಾಸವಿರಲಿಲ್ಲ.

"ಹೋಗ್ಲಿ, ವಶೀಕರಣ ಬಿಟ್ಟು ಬೇರೆಯವರು ಏನು ಕೇಳಿದ್ರು?" ಎಂದಳು. ಕೇಳಿದ್ದೆಲ್ಲ ಚಿಲ್ಲರೆ ಪ್ರಶ್ನೆಗಳು, ಹಾಗಾಗಿ ಬರೆದಿಟ್ಟುಕೊಂಡಿರಲಿಲ್ಲ ಎಂದೆ. ಜ್ಞಾಪಿಸಿಕೊಂಡು ಹೇಳಿ ಎಂದಳು. ಫೀಸ್ ಎಷ್ಟು. ಎಷ್ಟು ಹೊತ್ತು ಕೂರಿಸುತ್ತಾರೆ. ಮಾತ್ರೆ ಕೊಡುತ್ತಾರಾ. ಮೊದಲ ದಿನವೇ ಎಲ್ಲ ಹೇಳಲೇಬೇಕಾ. ಮಾತಾಡುತ್ತ ಅಳು ಬಂದುಬಿಟ್ಟರೆ. ಕನ್ನಡದಲ್ಲಿ ಹೇಳಬಹುದಾ, ಅದರಲ್ಲೂ ನಮ್ಮ ಕಡೆ ಕನ್ನಡದಲ್ಲಿ. ಆಫೀಸಿಗೆ, ಮನೆಗೆ ಗೊತ್ತಾಗುತ್ತದಾ. ಅವಳು ಒಂದನ್ನೂ ಬಿಡದೆ ಟೈಪಿಸಿಕೊಂಡಳು.

ಒಬ್ಬಾತನ ಕರೆ ಮಾತ್ರ ಚೆನ್ನಾಗಿ ನೆನಪಿತ್ತು. ಹೆಸರು ಹೇಳಲಿಲ್ಲ, ಹಿಂದೆ ಟ್ರಾಫಿಕ್ಕಿನ ಸದ್ದು. "ಬೋರ್ಡು ಎಷ್ಟು ದೊಡ್ಡದಿದೆ ಸಾರ್?" ಎಂದ. ನಾನು ಹೆಮ್ಮೆಯಿಂದ, ದೊಡ್ಡದೇ ಮಾಡಿಸ್ತಿದೀವಿ, ಮೈನ್ ರೋಡಿಗೇ ಕಾಣುತ್ತೆ, ರಾತ್ರಿ ಲೈಟೂ ಹತ್ತುತ್ತೆ ಎಂದೆ. ಅತ್ತ ಕಡೆ ಮೌನ. ಆಮೇಲೆ ಕೆಳಗಡೆ ಏನಿದೆ ಎಂದು ಕೇಳಿದ. ಬೇಕರಿ ಎಂದೆ. ಅಲ್ಲಿ ಜನ ನಿಂತಿರುತ್ತಾರಾ? ಸಂಜೆ ಜಾತ್ರೆ ಎಂದೆ. ನಿಟ್ಟುಸಿರಿಟ್ಟ. ಮೇಲೆ ಬೇರೆ ಯಾರಿದ್ದಾರೆ? ಅದೇ ಫ್ಲೋರಿನಲ್ಲಿ ಹಲ್ಲಿನ ಡಾಕ್ಟರು ಎಂದೆ. ಅವನ ದನಿಗೆ ಜೀವ ಬಂತು. "ಅಂಗನ್ನಿ ಮತ್ತೆ! ಹಲ್ಲಿಗೆ ಅಂತ ಬಂದ್ರಾಯ್ತು."

ಸೊಸೆ ಕುರ್ಚಿಯಲ್ಲಿ ನೆಟ್ಟಗೆ ಕೂತಳು. "ಇದನ್ನ ಮೊದಲೇ ಹೇಳ್ಬಾರ್ದಾ?"

ಈಗ ಇರುವ ಪುಟ ಅವಳದೇ. ನಾನು ಕೌನ್ಸೆಲರ್, ಇಷ್ಟು ಓದಿದ್ದೇನೆ. ಮಾತ್ರೆ ಬರೆಯುವುದಿಲ್ಲ, ಬೇಕೆನಿಸಿದರೆ ಮನೋವೈದ್ಯರ ಹತ್ತಿರ ಕಳಿಸುತ್ತೇನೆ. 50 ನಿಮಿಷ, 1,000 ರೂಪಾಯಿ. ಮೊದಲ ದಿನ ಎಲ್ಲ ಹೇಳಬೇಕಿಲ್ಲ. ಅಳು ಬಂದರೆ ಅಳಬಹುದು, ಬರದಿದ್ದರೂ ಪರವಾಗಿಲ್ಲ. ನೀವು ಹೇಳಿದ್ದು ನನ್ನಲ್ಲೇ ಇರುತ್ತದೆ, ಜೀವಕ್ಕೆ ಅಪಾಯವಿದೆ ಎನಿಸಿದರೆ ಮಾತ್ರ ಇನ್ನೊಬ್ಬರಿಗೆ ತಿಳಿಸಬೇಕಾಗುತ್ತದೆ. ಬೋರ್ಡು ಚಿಕ್ಕದು. ಅದೇ ಮಹಡಿಯಲ್ಲಿ ದಂತವೈದ್ಯರೂ ಇದ್ದಾರೆ. ಒಂದೇ ಒಂದು ವಿಶೇಷಣವಿಲ್ಲ. ನನ್ನ ಇಡೀ ಸಾಹಿತ್ಯದಲ್ಲಿ ಉಳಿದದ್ದು ವಿಳಾಸದ ಕೊನೆಯ ಎರಡು ಪದ: "ಲಿಫ್ಟ್ ಇಲ್ಲ."

ನನ್ನ ಮೂರು ಗಂಟೆಯ ಎಚ್ಚರದ ಸಂಗತಿಯನ್ನೂ ಮೆಲ್ಲಗೆ ಅವಳ ಕಿವಿಗೆ ಹಾಕಿದ್ದೆ. ಸಂಬಂಧಿಕರನ್ನು ತಾನು ನೋಡುವ ಹಾಗಿಲ್ಲ, ಕೋಣೆಯನ್ನು ಹಂಚಿಕೊಂಡಿರುವ ಇನ್ನೊಬ್ಬರಿದ್ದಾರೆ, ಗುರುವಾರ ಬನ್ನಿ ಎಂದಿದ್ದಳು. ಹೋದೆ. ಮೊದಲ ಮಹಡಿಯ ತಿರುವಿನಲ್ಲಿ ನಮ್ಮ ಪಾರ್ಕಿನ ವಾಕಿಂಗ್ ಮಿತ್ರರೊಬ್ಬರು ಕಂಬಿ ಹಿಡಿದು ಏದುಸಿರು ಬಿಡುತ್ತಿದ್ದರು. ನನ್ನನ್ನು ಕಂಡವರೇ ದವಡೆ ಒತ್ತಿಕೊಂಡು, "ಹಲ್ಲು ನೋವು ಕಣ್ರೀ, ತಡಿಯಕ್ಕಾಗ್ತಿಲ್ಲ" ಎಂದರು. ಅವರದು ಮೇಲೂ ಕೆಳಗೂ ಪೂರ್ತಿ ಸೆಟ್ಟು, ಪಾರ್ಕಿನ ಬೆಂಚಿನ ಮೇಲೆ ಬಿಚ್ಚಿ ಒರೆಸುವುದನ್ನು ನಾನೇ ನೋಡಿದ್ದೇನೆ.

"ನೀವು?" ಎಂದರು.

"ನನಗೂ ಹಲ್ಲೇ" ಎಂದು ನಾನೂ ಕೆನ್ನೆ ಹಿಡಿದುಕೊಂಡೆ.

ಇಬ್ಬರೂ ಹೋಗಿ ದಂತವೈದ್ಯರ ಬೆಂಚಿನ ಮೇಲೆ ಅಕ್ಕಪಕ್ಕ ಕೂತೆವು. ಅವರು ಏಳಲಿ ಎಂದು ನಾನು, ನಾನು ಏಳಲಿ ಎಂದು ಅವರು. ಗುರುವಾರದ ನನ್ನ 50 ನಿಮಿಷ ಹಾಗೇ ಕರಗುತ್ತಿತ್ತು. ಕೊನೆಗೆ ಒಳಗಿನಿಂದ ಹುಡುಗಿ ಬಂದು, ನೆಕ್ಸ್ಟ್ ಯಾರು ಅಂದಳು. ಮಿತ್ರರು ಉದಾರವಾಗಿ ನನ್ನ ಕಡೆ ಕೈ ತೋರಿಸಿದರು. ಹಲ್ಲು ಕ್ಲೀನಿಂಗು, ಒಂದು ಎಕ್ಸ್‌ರೇ, ಎಲ್ಲ ಸೇರಿ 1,200 ರೂಪಾಯಿ. ಬಿಲ್ಲಿನ ಫೋಟೋ ತೆಗೆದು, ವೆಬ್‌ಸೈಟಿನ ಖರ್ಚಿಗೆ ಸೇರಿಸಿಕೋ ಎಂದು ಸೊಸೆಗೆ ಕಳಿಸಿದೆ.

"ಅಲ್ಲಿ ಯಾರನ್ನ ನೋಡಿದ್ರಿ ಅಂತ ಯಾರಿಗೂ ಹೇಳ್ಬೇಡಿ" ಎಂದು ಉತ್ತರ ಬಂತು. ದುಡ್ಡಿನ ಸುದ್ದಿಯಿಲ್ಲ.