ಕೋಚ್ ಹೋದರೆ ಬಡ್ತಿ, ಹುಡುಗ ಹೋದರೆ ದ್ರೋಹ

ಅಮೆರಿಕದ ನ್ಯೂಜೆರ್ಸಿ ರಾಜ್ಯದ ಜೆರ್ಸಿ ಸಿಟಿಯಲ್ಲಿ ಸೇಂಟ್ ಪೀಟರ್ಸ್ ಎಂಬ ಪುಟ್ಟ ಜೆಸ್ಯುಟ್ ವಿಶ್ವವಿದ್ಯಾಲಯವಿದೆ. ಅದರ ಬ್ಯಾಸ್ಕೆಟ್‌ಬಾಲ್ ತಂಡದ ಹೆಸರು ಪೀಕಾಕ್ಸ್. 2022ರ ಮಾರ್ಚ್ 17ರಂದು, ಕಾಲೇಜುಗಳ ರಾಷ್ಟ್ರೀಯ ಪಂದ್ಯಾವಳಿಯಲ್ಲಿ, ಈ ನವಿಲುಗಳು ಕೆಂಟಕಿ ವಿಶ್ವವಿದ್ಯಾಲಯವನ್ನು ಹೆಚ್ಚುವರಿ ಅವಧಿಯಲ್ಲಿ 85-79ರಿಂದ ಕೆಡವಿದವು. ಕೆಂಟಕಿ ಎಂದರೆ ಎಂಟು ಸಲ ರಾಷ್ಟ್ರೀಯ ಚಾಂಪಿಯನ್ ಆದ ಮನೆತನ. ಅದರ ಕೋಚ್ ಜಾನ್ ಕ್ಯಾಲಿಪಾರಿ ಅವರಿಗೆ 2019ರಲ್ಲಿ ಹತ್ತು ವರ್ಷಕ್ಕೆ 8.6 ಕೋಟಿ ಡಾಲರ್‌ಗಳ ಒಪ್ಪಂದ ಆಗಿತ್ತು. ‘ಜೀವಮಾನದ ಒಪ್ಪಂದ’ ಎಂದು ಆಗ ಎಲ್ಲರೂ ಕೊಂಡಾಡಿದ್ದರು. ಸೇಂಟ್ ಪೀಟರ್ಸ್ ತನ್ನ ಇಡೀ ತಂಡದ ಮೇಲೆ ವರ್ಷಕ್ಕೆ ಸುರಿಯುತ್ತಿದ್ದ ಹಣ ಈ ಒಬ್ಬ ಮಹಾಶಯರ ಒಂದು ವರ್ಷದ ಸಂಬಳದ ಹತ್ತಿರಕ್ಕೂ ಬರುತ್ತಿರಲಿಲ್ಲ.

ಆಮೇಲೆ ಮರ್ರೆ ಸ್ಟೇಟ್ ಬಿತ್ತು, ಪರ್ಡ್ಯೂ ಬಿತ್ತು. 15ನೇ ಶ್ರೇಯಾಂಕದ ತಂಡವೊಂದು ಕೊನೆಯ ಎಂಟರ ಘಟ್ಟ ಮುಟ್ಟಿದ್ದು ಅದೇ ಮೊದಲು. ಟಿವಿಯವರಿಗೆ ಹಬ್ಬ. ಡಗ್ ಎಡರ್ಟ್ ಎಂಬ ಹುಡುಗನ ತೆಳು ಮೀಸೆ ರಾಷ್ಟ್ರೀಯ ಚರ್ಚೆಯ ವಿಷಯವಾಯಿತು. ಕೋಳಿಯ ರೆಕ್ಕೆ ಕರಿದು ಮಾರುವ ಹೋಟೆಲ್ ಸರಣಿಯೊಂದು ಅವನ ಜೊತೆ ಜಾಹೀರಾತಿನ ಒಪ್ಪಂದವನ್ನೂ ಮಾಡಿಕೊಂಡಿತು. ‘ಇದು ಹಣದ ಆಟವಲ್ಲ, ಹೃದಯದ ಆಟ’ ಎಂದು ಸೂಟು ತೊಟ್ಟ ವಿಶ್ಲೇಷಕರು ಗದ್ಗದಿತರಾದರು. ಅವರು ಕೂತಿದ್ದ ಕುರ್ಚಿಯ ಹಿಂದೆ ಹದಿನಾಲ್ಕು ವರ್ಷಕ್ಕೆ 1,080 ಕೋಟಿ ಡಾಲರ್‌ಗಳ ಪ್ರಸಾರ ಒಪ್ಪಂದವಿತ್ತು ಎಂಬುದು ಬೇರೆ ಮಾತು.

ಮಾರ್ಚ್ 27ಕ್ಕೆ ನಾರ್ತ್ ಕ್ಯಾರೊಲಿನಾ ಎದುರು 69-49ರಲ್ಲಿ ಕಥೆ ಮುಗಿಯಿತು. ಮಾರ್ಚ್ 30ಕ್ಕೆ ಕೋಚ್ ಶಹೀನ್ ಹಾಲೊವೇ ಅದೇ ನ್ಯೂಜೆರ್ಸಿಯ ಸೀಟನ್ ಹಾಲ್‌ಗೆ ಹೊರಟರು. ಬೆವರಿನ ಜೆರ್ಸಿಗಳು ಒಗೆದು ಒಣಗಿದ್ದವೋ ಇಲ್ಲವೋ! ಅದು ಅವರು ಓದಿದ, ಆಡಿದ ಕಾಲೇಜು. ಹಾಗಾಗಿ ಯಾರೂ ಅವರನ್ನು ಪಕ್ಷಾಂತರಿ ಎನ್ನಲಿಲ್ಲ. ತವರಿಗೆ ಮರಳಿದರು ಎಂದರು. ಸಂತೋಷ, ಮರಳಲಿ. ಆದರೆ ಮುಂದಿನ ವಾರಗಳಲ್ಲಿ ಅವರ ಹುಡುಗರೂ ಗಂಟುಮೂಟೆ ಕಟ್ಟಿದಾಗ ಭಾಷೆ ಬದಲಾಯಿತು. ಮೀಸೆಯ ಎಡರ್ಟ್ ಬ್ರಯಂಟ್‌ಗೆ ಹೋದ. ಡ್ಯಾರಿಲ್ ಬ್ಯಾಂಕ್ಸ್ ಸೇಂಟ್ ಬೊನವೆಂಚರ್‌ಗೆ, ಡ್ರಾಮೆ ಅವಳಿ ಸೋದರರು ಲಾ ಸಾಲ್‌ಗೆ. ಕೆ.ಸಿ. ಎನ್‌ಡೆಫೊ ತನ್ನ ಕೋಚ್‌ನ ಬೆನ್ನುಹತ್ತಿ ಸೀಟನ್ ಹಾಲ್‌ಗೇ ಹೋದ. ಈ ಕೊನೆಯವನನ್ನು ಏನೆನ್ನಬೇಕೋ ಪಂಡಿತರಿಗೆ ಹೊಳೆಯಲಿಲ್ಲ. ಕಾಲೇಜಿಗೆ ದ್ರೋಹಿ, ಗುರುವಿಗೆ ನಿಷ್ಠ. ಯಾವ ಖಾನೆಯಲ್ಲಿ ಬರೆಯುವುದು? ಉಳಿದವರ ವಿಷಯದಲ್ಲಿ ಮಾತ್ರ ತೀರ್ಪು ಸಲೀಸು: ಈಗಿನ ಹುಡುಗರಿಗೆ ನಿಷ್ಠೆ ಇಲ್ಲ, ನಮ್ಮ ಕಾಲದಲ್ಲಿ ಹೀಗಿರಲಿಲ್ಲ.

ಅವರ ಕಾಲದಲ್ಲಿ ಹೇಗಿತ್ತು ಎಂದು ಸ್ವಲ್ಪ ನೋಡೋಣ. ಕಾಲೇಜು ಬದಲಿಸಿದ ಆಟಗಾರ ಒಂದು ವರ್ಷ ಅಂಗಳಕ್ಕಿಳಿಯದೆ ಕೂರಬೇಕಿತ್ತು. ಹೊಸ ಕಾಲೇಜಿನ ಪಾಠಪ್ರವಚನಕ್ಕೆ ಮಗು ಒಗ್ಗಿಕೊಳ್ಳಲಿ ಎಂಬ ಕಕ್ಕುಲಾತಿಯಂತೆ. ವರ್ಷಕ್ಕೆ ಕೋಟಿಗಟ್ಟಲೆ ರೂಪಾಯಿ ಎಣಿಸುವ ಕೋಚ್‌ಗೆ ಒಗ್ಗಿಕೊಳ್ಳುವ ಕಷ್ಟ ಇರಲಿಲ್ಲವಾದ್ದರಿಂದ ಅವರಿಗೆ ಈ ನಿಯಮ ಬೇಕಾಗಲಿಲ್ಲ. ಸೋಮವಾರ ಒಂದು ಕಾಲೇಜಿನ ಟೋಪಿ, ಮಂಗಳವಾರ ಇನ್ನೊಂದರದು. ಅಷ್ಟೇ ಅಲ್ಲ, ಹುಡುಗ ಬೇರೆ ಕಾಲೇಜಿನವರ ಜೊತೆ ಮಾತಾಡಬೇಕಿದ್ದರೂ ತನ್ನ ಕೋಚ್‌ನ ಅಪ್ಪಣೆ ಬೇಕಿತ್ತು. ಅಲ್ಲಿಗೆ ಹೋಗಕೂಡದು, ಇಲ್ಲಿಗೆ ಹೋಗಕೂಡದು ಎಂದು ಪಟ್ಟಿ ಕೊಟ್ಟ ಕೋಚ್‌ಗಳೂ ಇದ್ದರು. ನಿಷ್ಠೆ ಉಕ್ಕಿ ಹರಿಯುತ್ತಿದ್ದ ಆ ಸ್ವರ್ಣಯುಗದಲ್ಲಿ ಬಾಗಿಲಿಗೆ ಹೊರಗಿನಿಂದ ಅಗುಳಿ ಹಾಕಿತ್ತು, ಅಷ್ಟೇ. ಅತ್ತೆ ಒಡೆದ ಪಾತ್ರೆಗೆ ಬೆಲೆಯಿಲ್ಲ ಎಂಬ ಗಾದೆ ಕಟ್ಟಿದವರು ಅಮೆರಿಕ ನೋಡಿರಲಿಲ್ಲ. ಆದರೂ ವಿಷಯ ಬಲ್ಲವರು.

ಆ ಅಗುಳಿ ಹಂತಹಂತವಾಗಿ ಕಳಚಿತು. 2018ರ ಅಕ್ಟೋಬರ್‌ನಲ್ಲಿ ಕಾಲೇಜು ಕ್ರೀಡೆಯ ದೊಡ್ಡ ಯಜಮಾನ ಎನ್‌ಸಿಎಎ, ಕಾಲೇಜು ಬದಲಿಸಬಯಸುವವರು ಹೆಸರು ಬರೆಸುವ ‘ಟ್ರಾನ್ಸ್‌ಫರ್ ಪೋರ್ಟಲ್’ ತೆರೆಯಿತು. ಹುಡುಗ ಹೆಸರು ಕೊಟ್ಟರೆ ಎರಡು ಕೆಲಸದ ದಿನಗಳಲ್ಲಿ ಕಾಲೇಜು ಅದನ್ನು ಏರಿಸಲೇಬೇಕು. 2021ರಲ್ಲಿ ಒಂದು ಸಲ ಬದಲಿಸಿದರೆ ಕೂರಬೇಕಾಗಿಲ್ಲ ಎಂದಾಯಿತು. ಅದೇ ಜುಲೈನಿಂದ ಆಟಗಾರರು ತಮ್ಮ ಹೆಸರು, ಮುಖ ಮಾರಿ ದುಡಿಯಬಹುದು ಎಂದಾಯಿತು. 2023ರ ಡಿಸೆಂಬರ್‌ನಲ್ಲಿ ವೆಸ್ಟ್ ವರ್ಜೀನಿಯಾದ ಫೆಡರಲ್ ನ್ಯಾಯಾಲಯ ಎರಡನೇ ಸಲದ ತಡೆಗೂ ತಡೆ ಒಡ್ಡಿತು. 2024ರ ಏಪ್ರಿಲ್‌ನಲ್ಲಿ, ಓದಿನಲ್ಲಿ ಪಾಸಾಗಿದ್ದರೆ ಎಷ್ಟು ಸಲ ಬೇಕಾದರೂ ಹೋಗಿ ಎಂದು ಯಜಮಾನರೇ ಕೈಚೆಲ್ಲಿದರು. ಪೋರ್ಟಲ್‌ನಲ್ಲಿ ಹೆಸರಿನ ಪಕ್ಕ ‘ಸಂಪರ್ಕಿಸಬೇಡಿ’ ಎಂಬ ಗುರುತು ಹಾಕಿಸಿಕೊಳ್ಳಲೂ ಅವಕಾಶವಿದೆ. ಹುಡುಗ ಎಲ್ಲಿಗೆ ಹೋಗುವುದು ಎಂಬುದು ಬಹುಮಟ್ಟಿಗೆ ಮೊದಲೇ ತೀರ್ಮಾನವಾಗಿದೆ ಎಂದರ್ಥ. ಮಾತುಕತೆ ಮುಗಿದ ಮೇಲೆ ನಡೆಯುವ ಹೆಣ್ಣು ನೋಡುವ ಶಾಸ್ತ್ರದ ಹಾಗೆ. ಪೋರ್ಟಲ್‌ಗೆ ಬರುವ ಮುನ್ನ ಆಟಗಾರನ ಜೊತೆ ಮಾತಾಡುವುದು ನಿಷಿದ್ಧ. ಹಾಗಿದ್ದರೆ ತೀರ್ಮಾನ ಹೇಗಾಯಿತು ಎಂದು ಕೇಳುವವರು ಈ ಊರಿಗೆ ಹೊಸಬರು.

2025ರಲ್ಲಂತೂ ಈ ಬಾಗಿಲನ್ನು ತೆರೆದದ್ದು ಮಾರ್ಚ್ 24ರಂದು. ಪಂದ್ಯಾವಳಿಯಲ್ಲಿ ಇನ್ನೂ 16 ತಂಡಗಳು ಉಳಿದಿದ್ದವು. ಅಂದರೆ ಕೋಚ್ ಒಂದು ಕಣ್ಣಿನಲ್ಲಿ ಎದುರಾಳಿಯ ವಿಡಿಯೊ ನೋಡಬೇಕು, ಇನ್ನೊಂದರಲ್ಲಿ ಪೋರ್ಟಲ್. ಆ ವರ್ಷ ಪುರುಷರ ಬ್ಯಾಸ್ಕೆಟ್‌ಬಾಲ್ ಒಂದರಲ್ಲೇ ಎರಡು ಸಾವಿರಕ್ಕೂ ಹೆಚ್ಚು ಹುಡುಗರು ಹೆಸರು ಬರೆಸಿದರು. ದೇಶದಲ್ಲಿರುವ ಮೊದಲ ದರ್ಜೆಯ ತಂಡಗಳೇ 360 ಚಿಲ್ಲರೆ.

ಇಷ್ಟಾದ ಮೇಲೆ ಸಣ್ಣ ಕಾಲೇಜುಗಳ ಗೋಳು ಕೇಳಬೇಕು. ನಾವು ಬೆಳೆಸಿದ ಹುಡುಗರನ್ನು ದೊಡ್ಡವರು ಎತ್ತಿಕೊಂಡು ಹೋಗುತ್ತಾರೆ ಎಂದು ಬಾಯಿ ಬಡಿದುಕೊಳ್ಳುತ್ತಾರೆ. ಗೋಳು ಸುಳ್ಳಲ್ಲ. ಆದರೆ ಅದೇ ಕಾಲೇಜುಗಳು ಏನು ಮಾಡುತ್ತವೆ ಎಂಬುದಕ್ಕೆ 2023ರ ಫೇರ್‌ಲೀ ಡಿಕಿನ್ಸನ್ ಕಥೆಯೇ ಸಾಕು.

ಅದೂ ನ್ಯೂಜೆರ್ಸಿಯದೇ. ಆ ವರ್ಷ ಮೊದಲ ದರ್ಜೆಯಲ್ಲೇ ಅತಿ ಗಿಡ್ಡರ ತಂಡ. ತಮ್ಮ ಲೀಗಿನ ಟೂರ್ನಿಯಲ್ಲಿ ಗೆದ್ದ ಮೆರಿಮ್ಯಾಕ್ ಎರಡನೇ ದರ್ಜೆಯಿಂದ ಬಡ್ತಿ ಪಡೆದವರು ಕಾಯಬೇಕಾದ ಅವಧಿಯನ್ನು ಇನ್ನೂ ಮುಗಿಸಿರಲಿಲ್ಲ ಎಂಬ ತಾಂತ್ರಿಕ ಕಾರಣಕ್ಕೆ ಅನರ್ಹವಾಗಿ, ಸೋತ ಇವರಿಗೆ ಟಿಕೆಟ್ ಸಿಕ್ಕಿತು. ಎದುರಾದದ್ದು ಅಗ್ರಶ್ರೇಯಾಂಕದ ಪರ್ಡ್ಯೂ, ಅದರ ನಟ್ಟನಡುವೆ 7 ಅಡಿ 4 ಅಂಗುಲದ ಜ್ಯಾಕ್ ಈಡಿ. ಇವರ ಕಡೆ ಚೆಂಡು ನಡೆಸುತ್ತಿದ್ದ ಡಿಮೀಟರ್ ರಾಬರ್ಟ್ಸ್ ಎತ್ತರ 5 ಅಡಿ 8 ಅಂಗುಲ. ಈಡಿ ಕೈ ಚಾಚಿದರೆ ಇವನಿಗೆ ಸೂರ್ಯನೇ ಕಾಣುತ್ತಿರಲಿಲ್ಲ. ಗೆದ್ದದ್ದು ಇವರು, 63-58. 16ನೇ ಶ್ರೇಯಾಂಕದವರು ಒಂದನೆಯವರನ್ನು ಸೋಲಿಸಿದ್ದು ಪುರುಷರ ಚರಿತ್ರೆಯಲ್ಲಿ ಅದು ಎರಡನೇ ಸಲ. ‘ಸಣ್ಣ ಕಾಲೇಜಿನ ಆತ್ಮಶಕ್ತಿ’ ಎಂದು ಮತ್ತದೇ ಗದ್ಗದ.

ಆ ಆತ್ಮಶಕ್ತಿ ಎಲ್ಲಿಂದ ಬಂತು ಗೊತ್ತೆ? ಕೋಚ್ ಟೋಬಿನ್ ಆ್ಯಂಡರ್ಸನ್ ಹಿಂದಿನ ವರ್ಷದವರೆಗೆ ನ್ಯೂಯಾರ್ಕ್ ರಾಜ್ಯದ ಸೇಂಟ್ ಥಾಮಸ್ ಅಕ್ವೈನಸ್ ಎಂಬ ಎರಡನೇ ದರ್ಜೆಯ ಕಾಲೇಜಿನಲ್ಲಿದ್ದರು. ಬರುವಾಗ ರಾಬರ್ಟ್ಸ್, ಗ್ರಾಂಟ್ ಸಿಂಗಲ್ಟನ್, ಶಾನ್ ಮೂರ್ ಎಂಬ ಮೂವರೂ ಅವರ ಜೊತೆ ಬಂದರು. ಪರ್ಡ್ಯೂ ಎದುರು 19 ಅಂಕ ಹೊಡೆದವನು ಈ ಮೂರ್. ಅಂದರೆ ಪವಾಡವೇ ಟ್ರಾನ್ಸ್‌ಫರ್ ಮಾಲು. ಅಕ್ವೈನಸ್ ಅಭಿಮಾನಿಗಳ ಕಣ್ಣೀರನ್ನು ಯಾವ ಚಾನೆಲ್ಲೂ ತೋರಿಸಲಿಲ್ಲ. ಕ್ಯಾಮೆರಾ ಅಷ್ಟು ಕೆಳಗೆ ಬಗ್ಗುವುದಿಲ್ಲ. ಮುಂದೆ ಇನ್ನೂ ಮಜಾ. ಅದೇ ದಿನಗಳಲ್ಲಿ ಅಯೋನಾ ಕಾಲೇಜಿನ ಕೋಚ್ ರಿಕ್ ಪಿಟಿನೊ ಸೇಂಟ್ ಜಾನ್ಸ್‌ಗೆ ಹಾರಿದರು. ಖಾಲಿಯಾದ ಅಯೋನಾ ಕುರ್ಚಿಗೆ ಆ್ಯಂಡರ್ಸನ್ ಹಾರಿದರು, ಪರ್ಡ್ಯೂ ಗೆಲುವಿನ ಪಟಾಕಿ ಸದ್ದು ವಾರ ತುಂಬುವ ಮೊದಲೇ. ಅಯೋನಾದ ಗಾರ್ಡ್ ವಾಲ್ಟರ್ ಕ್ಲೇಟನ್ ಜೂನಿಯರ್ ಫ್ಲೋರಿಡಾ ವಿಶ್ವವಿದ್ಯಾಲಯಕ್ಕೆ ಹೋದ. ಸೇಂಟ್ ಪೀಟರ್ಸ್ ಕೂಡ ಹಾಲೊವೇ ಜಾಗಕ್ಕೆ ಕೋಚ್‌ನನ್ನು ಹುಡುಕಿದ್ದು ತನಗಿಂತ ಪ್ರಬಲರ ಮನೆಯಲ್ಲೇನಲ್ಲ, ಸ್ಟಾಟನ್ ಐಲೆಂಡ್‌ನ ವಾಗ್ನರ್ ಎಂಬ ಪುಟ್ಟ ಕಾಲೇಜಿನಲ್ಲಿ. ಎಲ್ಲರೂ ಮೇಲಿನವರ ಕಾಲು ದೂರುತ್ತ ಕೆಳಗಿನವರ ಹೆಗಲು ಹತ್ತಿದವರೇ.

ಹುಡುಗರು ನಿಲ್ಲುವುದಿಲ್ಲ ಎಂಬ ಮಾತಿಗೂ ಒಂದು ಸಾಕ್ಷಿ ವಿಚಾರಣೆ ಆಗಲಿ. 2023ರಲ್ಲಿ ಫ್ಲೋರಿಡಾ ಅಟ್ಲಾಂಟಿಕ್ ಎಂಬ ತಂಡ ಕೊನೆಯ ನಾಲ್ಕಕ್ಕೆ ಬಂತು. ಸ್ಯಾನ್ ಡಿಯೇಗೊ ಸ್ಟೇಟ್ ಎದುರು ಕೊನೆಯ ಕ್ಷಣದ ಎಸೆತಕ್ಕೆ ಒಂದೇ ಅಂಕದಿಂದ ಸೋತಿತು. ಪೋರ್ಟಲ್ ತೆರೆದೇ ಇತ್ತು. ಆದರೂ ಮುಖ್ಯ ಆಟಗಾರರೆಲ್ಲ ಹೆಚ್ಚುಕಡಿಮೆ ಹಾಗೇ ಉಳಿದರು, ಇನ್ನೊಂದು ವರ್ಷ ಅಲ್ಲೇ ಆಡಿದರು. 2024ರ ಮಾರ್ಚ್‌ನಲ್ಲಿ ಮೊದಲ ಸುತ್ತಿನಲ್ಲೇ ಸೋತ ಬೆನ್ನಿಗೆ ಕೋಚ್ ಡಸ್ಟಿ ಮೇ ಮಿಷಿಗನ್‌ಗೆ ನಡೆದರು. ಆಮೇಲಷ್ಟೇ ಹುಡುಗರು ಚದುರಿದ್ದು: ವ್ಲಾಡಿಸ್ಲಾವ್ ಗೋಲ್ಡಿನ್ ಮಿಷಿಗನ್‌ಗೆ, ಅಲೈಜಾ ಮಾರ್ಟಿನ್ ಫ್ಲೋರಿಡಾಗೆ, ಜಾನೆಲ್ ಡೇವಿಸ್ ಅರ್ಕಾನ್ಸಾಗೆ. ಅರ್ಕಾನ್ಸಾದಲ್ಲಿ ಆಗ ತಾನೇ ಬಂದು ಕೂತಿದ್ದ ಹೊಸ ಕೋಚ್ ಯಾರು? ನಮ್ಮ ಕ್ಯಾಲಿಪಾರಿ. ಕೆಂಟಕಿಯ ಜೀವಮಾನದ ಒಪ್ಪಂದ ಐದು ವರ್ಷಕ್ಕೇ ತೀರಿಕೊಂಡಿತ್ತು. ಜೀವ ಮಾತ್ರ ಗಟ್ಟಿಯಾಗಿತ್ತು.

2025ರ ಏಪ್ರಿಲ್ 7ರಂದು ಸ್ಯಾನ್ ಆಂಟೋನಿಯೊದಲ್ಲಿ ಫ್ಲೋರಿಡಾ 65-63ರಿಂದ ಹ್ಯೂಸ್ಟನ್ ಅನ್ನು ಸೋಲಿಸಿ ಚಾಂಪಿಯನ್ ಆಯಿತು. ಕೊನೆಯ ಕ್ಷಣ ನೋಡಬೇಕಿತ್ತು. ಹ್ಯೂಸ್ಟನ್‌ನ ಎಮ್ಯಾನುಯೆಲ್ ಶಾರ್ಪ್ ಎಸೆಯಲು ಹಾರಿದ, ಕ್ಲೇಟನ್ ನುಗ್ಗಿ ಬಂದ, ಗಾಳಿಯಲ್ಲಿದ್ದ ಶಾರ್ಪ್ ಎಸೆಯಲಾರದೆ ಚೆಂಡನ್ನು ಕೈಬಿಟ್ಟ. ತಾನೇ ಮತ್ತೆ ಮುಟ್ಟಿದರೆ ತಪ್ಪು. ಚೆಂಡು ಪುಟಿಯುತ್ತಿದೆ, ಅದರ ಒಡೆಯ ಪಕ್ಕದಲ್ಲೇ ಕೈಕಟ್ಟಿ ನಿಂತಿದ್ದಾನೆ, ಸಮಯ ಹೋಯಿತು. ಗೆದ್ದ ಫ್ಲೋರಿಡಾದ ಮೂವರು ಗಾರ್ಡ್‌ಗಳನ್ನು ನೋಡಿ: ಅಯೋನಾದಿಂದ ಕ್ಲೇಟನ್, ಬೆಲ್ಮಾಂಟ್‌ನಿಂದ ವಿಲ್ ರಿಚರ್ಡ್, ಫ್ಲೋರಿಡಾ ಅಟ್ಲಾಂಟಿಕ್‌ನಿಂದ ಮಾರ್ಟಿನ್. ಕೋಚ್ ಟಾಡ್ ಗೋಲ್ಡನ್ ಕೂಡ ಸ್ಯಾನ್ ಫ್ರಾನ್ಸಿಸ್ಕೊ ವಿಶ್ವವಿದ್ಯಾಲಯದಿಂದ ಬಂದವರು. ಸಣ್ಣ ಕಾಲೇಜುಗಳು ಕೊನೆಗೂ ಚಾಂಪಿಯನ್ ಆದವು. ಅಂಗಿಯ ಮೇಲೆ ಹೆಸರು ಮಾತ್ರ ಬೇರೆಯವರದ್ದಿತ್ತು. ಆ ವರ್ಷದ ಕೊನೆಯ 16 ತಂಡಗಳೂ ನಾಲ್ಕೇ ದೊಡ್ಡ ಲೀಗುಗಳಿಗೆ ಸೇರಿದ್ದವು. ನವಿಲಿಗೆ ಜಾಗವಿರಲಿಲ್ಲ.

ಅಂದಹಾಗೆ ನವಿಲುಗಳು 2024ರಲ್ಲಿ ಮತ್ತೆ ಬಂದಿದ್ದವು. ಟೆನೆಸಿ 83-49ರಿಂದ ಪುಕ್ಕ ಕಿತ್ತು ಕಳಿಸಿತು. ಆ ಟೆನೆಸಿಯ ತಾರೆ ಡಾಲ್ಟನ್ ಕನೆಕ್ಟ್. ಅವನು ಜೂನಿಯರ್ ಕಾಲೇಜಿನಿಂದ ನಾರ್ದರ್ನ್ ಕೊಲರಾಡೊಗೆ, ಅಲ್ಲಿಂದ ಟೆನೆಸಿಗೆ ಬಂದು, ಅದೇ ವರ್ಷ ವೃತ್ತಿಪರ ತಂಡವಾದ ಲೇಕರ್ಸ್ ಪಾಲಾದ. ಅವನು ಕೊಲರಾಡೊದಲ್ಲೇ ನಿಷ್ಠೆಯಿಂದ ಕೂತಿದ್ದರೆ ಲೇಕರ್ಸ್‌ನವರು ಹುಡುಕಿಕೊಂಡು ಬರುತ್ತಿದ್ದರೇ? ನಿಷ್ಠೆಯ ಬಗ್ಗೆ ಭಾಷಣ ಮಾಡುವ ಯಾರಾದರೂ ಅವನಿಗೆ ಆ ಸಂಬಳ ಕೊಡಲು ತಯಾರಿದ್ದರೇ?

ಎಲ್ಲರ ಪಾಲಿಗೂ ಲೇಕರ್ಸ್ ಇಲ್ಲ. ಹೆಸರು ಬರೆಸಿದ ಮೇಲೆ ಹಳೆಯ ಕಾಲೇಜು ಸ್ಕಾಲರ್‌ಶಿಪ್ ಕಿತ್ತುಕೊಳ್ಳಬಹುದು, ಹೊಸಬರು ಕರೆಯದೇ ಇರಬಹುದು. ದೊಡ್ಡ ಕಾಲೇಜಿನಲ್ಲಿ ಬೆಂಚು ಕಾಯ್ದು, ‘ನಿನಗೆ ಇಲ್ಲಿ ಅವಕಾಶ ಕಡಿಮೆ’ ಎಂದು ಕೋಚ್ ಮೆಲ್ಲಗೆ ಹೇಳಿದ್ದನ್ನು ಅರ್ಥಮಾಡಿಕೊಂಡು ಪೋರ್ಟಲ್‌ಗೆ ಇಳಿದು, ಕೆಳಗಿನ ದರ್ಜೆಗೆ ಜಾರುವ ಹುಡುಗರಿಗೆ ಲೆಕ್ಕವಿಲ್ಲ. ಆಗ ಯಾರೂ ಕಾಲೇಜಿಗೆ ನಿಷ್ಠೆ ಇಲ್ಲ ಎನ್ನುವುದಿಲ್ಲ. ಅದಕ್ಕೆ ತಂಡ ಕಟ್ಟುವುದು ಎಂದು ಹೆಸರು.

ನಮಗೇನು ಇದರಲ್ಲಿ ಎನ್ನಬೇಡಿ. ಫ್ಲೋರಿಡಾದ ಸರ್ಕಾರಿ ವಿಶ್ವವಿದ್ಯಾಲಯಗಳು ಪ್ರತಿ ಕ್ರೆಡಿಟ್‌ಗೆ ಇಷ್ಟು ಎಂದು ಅಥ್ಲೆಟಿಕ್ ಶುಲ್ಕ ವಸೂಲು ಮಾಡುತ್ತವೆ. ಬ್ಯಾಂಕ್ ಸಾಲ ಮಾಡಿ ಎಂಎಸ್ ಓದಲು ಹೋದ ಹಾಸನದ ಹುಡುಗಿ ಬ್ಯಾಸ್ಕೆಟ್‌ಬಾಲ್ ಅಂಗಳದ ಕಡೆ ಕತ್ತೆತ್ತಿ ನೋಡದಿದ್ದರೂ ಅವಳ ಬಿಲ್ಲಿನಲ್ಲಿ ಆ ಸಾಲು ಇರುತ್ತದೆ. ಅವಳೇ ಒಂದು ಸೆಮಿಸ್ಟರ್ ಓದಿ, ಶುಲ್ಕ ಕಡಿಮೆ ಇರುವ ಇನ್ನೊಂದು ವಿಶ್ವವಿದ್ಯಾಲಯಕ್ಕೆ ವೀಸಾ ದಾಖಲೆ ವರ್ಗಾಯಿಸಿಕೊಂಡರೆ? ಅಪ್ಪ ಊರಿಗೆಲ್ಲ ಹೇಳಿಕೊಂಡು ಬರುತ್ತಾರೆ, ಮಗಳು ಜಾಣೆ ಎಂದು. ಅವಳ ಶುಲ್ಕದಲ್ಲಿ ಸಂಬಳ ಪಡೆಯುವವರು ಮಾತ್ರ ಚೆಂಡು ಹಿಡಿದ ಅವಳ ಸಹಪಾಠಿಯನ್ನು ಹಣದ ಹಿಂದೆ ಓಡುವವನು ಎನ್ನುತ್ತಾರೆ.

2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ರಾಜಿಯ ಪ್ರಕಾರ ಕಾಲೇಜುಗಳು ಈಗ ನೇರವಾಗಿಯೇ ಆಟಗಾರರಿಗೆ ಹಣ ಹಂಚಬಹುದು; ಮೊದಲ ವರ್ಷ ಎಲ್ಲ ಆಟಗಳಿಗೂ ಸೇರಿ ಕಾಲೇಜೊಂದಕ್ಕೆ ಸುಮಾರು 2.05 ಕೋಟಿ ಡಾಲರ್ ಮಿತಿ. ಸೇಂಟ್ ಪೀಟರ್ಸ್‌ನಂಥವರಿಗೆ ಆ ಮಿತಿ ಆಕಾಶದ ಮಿತಿ. ಡೇವಿಡ್ಸನ್ ಎಂಬ ಸಣ್ಣ ಕಾಲೇಜಿನಲ್ಲಿ, ಮುಂದೆ ವೃತ್ತಿಪರ ಬ್ಯಾಸ್ಕೆಟ್‌ಬಾಲ್‌ನ ದೊಡ್ಡ ತಾರೆಯಾದ ಸ್ಟೀಫನ್ ಕರಿ ಮೂರು ವರ್ಷ ಆಡಿದ್ದನ್ನು ನಿಷ್ಠಾಪುರಾಣಿಕರು ಇವತ್ತಿಗೂ ಹಾಡಿ ಹೊಗಳುತ್ತಾರೆ. ಅದೇ ಡೇವಿಡ್ಸನ್ 2025ರಲ್ಲಿ ಅದೇ ಕರಿಯವರನ್ನು ತಂಡದ ಸಹಾಯಕ ಜನರಲ್ ಮ್ಯಾನೇಜರ್ ಮಾಡಿಕೊಂಡಿತು. ಪುರಾಣದಿಂದ ಹುಡುಗರು ನಿಲ್ಲುವುದಿಲ್ಲ ಎಂದು ಡೇವಿಡ್ಸನ್‌ಗೆ ಅರ್ಥವಾಗಿದೆ.

ಉಳಿದವರು ಈಗ ಅಮೆರಿಕದ ಸಂಸತ್ತಿನ ಬಾಗಿಲು ತಟ್ಟುತ್ತಿದ್ದಾರೆ, ಹುಡುಗರ ಓಡಾಟಕ್ಕೆ ಕಡಿವಾಣ ಹಾಕುವ ಕಾನೂನು ಬೇಕಂತೆ. ಮಾಡಲಿ. ಆದರೆ ಮೊದಲ ಕಲಮಿನಲ್ಲೇ ಇಷ್ಟು ಬರೆಯಲಿ: ಕಾಲೇಜು ಬದಲಿಸಿದ ಪ್ರತಿ ಕೋಚ್, ಹೊಸ ಕಾಲೇಜಿನ ಪಾಠಪ್ರವಚನಕ್ಕೆ ಒಗ್ಗಿಕೊಳ್ಳಲು, ಸಂಬಳವಿಲ್ಲದೆ ಒಂದು ವರ್ಷ ಬೆಂಚಿನ ಮೇಲೆ ಕೂರತಕ್ಕದ್ದು. ಅದು ಜಾರಿಗೆ ಬಂದ ಮರುದಿನ ಹುಡುಗರ ನಿಷ್ಠೆಯ ಬಗ್ಗೆ ಮಾತಾಡೋಣ.